ಬೂದಿಯ ಮೇಲೆ ಹನಿ

ರಾತ್ರಿಯಿಡೀ ಹೊಡೆದು
ಕೋಳಿ ಕೂಗುವ ಹೊತ್ತಿಗೆ ಬಾಯಿ ಮುಚ್ಚಿತು ಚಿತ್ತೆ ಮಳೆ.
ಮೊಳಕಾಲ್ಮೂರಿನ ಗುಡ್ಡಗಳು
ಮಿಂದೆದ್ದ ಎಮ್ಮೆಗಳ ಹಾಗೆ ಹೊಗೆಯಾಡುತ್ತಿದ್ದವು.
ವರ್ಷಕ್ಕೆ ನಾಕು ಸಲ ಬಂದರೆ ಹೆಚ್ಚು, ಇಂಥ ನೆಂಟ.
ಬಂದಾಗ ಹೇಗೆ ಕೂರಿಸಬೇಕೋ
ನಮ್ಮ ಮಾಳಿಗೆಗೆ ಗೊತ್ತಿಲ್ಲ.

ಮೊದಲು ಮಗ್ಗ.
ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ನಡುವೆ
ಒಂದು ಬೊಗಸೆ ನೀರು ಜೋತುಬಿದ್ದಿದೆ.
ಅದರ ಕೆಳಗೆ ಒಣಗಿಯೇ ಇದೆ
ಆರು ಮೊಳ ನೇಯ್ದ ನವಿಲುಗತ್ತಿನ ಸೀರೆ.
ಬಟ್ಟಲಿಂದ ಮೊಗೆದೆ, ಉಸಿರು ಹಿಡಿದು,
ಹಾಲು ಮೊಗೆದ ಹಾಗೆ, ತೊಟ್ಟೂ ಚೆಲ್ಲದೆ.

ಆಮೇಲೆ ಗೋಡೆ.
ಅಂಗೈಗೆ ತಿಳಿಯದು, ಜಡ್ಡುಗಟ್ಟಿದೆ.
ಹಿಂಗೈ ಇಟ್ಟು ನೋಡುತ್ತೇನೆ,
ಮಗುವಿನ ಹಣೆಯ ಜ್ವರ ನೋಡುವ ಹಾಗೆ.
ದೇವರ ಗೂಡಿನ ಪಕ್ಕ ಬೆಚ್ಚಗೆ.
ಅಟ್ಟದ ಕೆಳಗೆ ತಣ್ಣಗೆ.
ಕ್ಯಾಲೆಂಡರು ಎತ್ತಿದರೆ ಹಿಂದೆ
ಸುಣ್ಣ ಉಬ್ಬಿ ಹಪ್ಪಳ.

ಆದರೆ ಎಲ್ಲಿಂದ?
ಇವರು ಹೇಳಿದರು, ಕರಲುಮಣ್ಣು ಸವೆದಿದೆ,
ಈ ಸಲ ಎರಡು ಗಾಡಿ ಹೊಡೆಸಬೇಕು.
ಗೌಸ್ ಮೇಸ್ತ್ರಿ ಬಾಗಿಲಲ್ಲೇ ನಿಂತು ತಲೆ ಎತ್ತಿ
‘ಮಾಳಿಗೆ ಕಾಲ ಮುಗೀತು ಬನಶಂಕ್ರಪ್ಪ,
ಕಿತ್ತಾಕಿ ಆರ್‌ಸಿಸಿ ಹಾಕ್ಸು.’
ಪಕ್ಕದ ಮನೆ ರತ್ನಕ್ಕ: ‘ಇಲಿ.’
ಅತ್ತೆ ಏನೂ ಹೇಳಲಿಲ್ಲ.
ಒಲೆಯಿಂದ ಒಂದು ಮೊರ ಬೂದಿ ತಂದು
ನಡುಮನೆ ತುಂಬ ತೆಳ್ಳಗೆ ಹರಡಿ
‘ಇನ್ನೊಂದು ಸಲ ಬರ್ಲಿ,’ ಅಂದಳು,
‘ಅದೇ ಬರ್ದು ಹೇಳ್ತೈತೆ.’

ಮಧ್ಯಾಹ್ನ ಇನ್ನೊಂದು ಹೊಡೆತ ಬಂತು.
ಅಡುಗೆಮನೆ ಹೊಸ್ತಿಲ ಮೇಲೆ
ಕಾಲು ಮಡಚಿ ಕೂತು ನೋಡಿದೆವು ಇಬ್ಬರೂ.
ಮೊದಲ ಹನಿಗೆ ಕಡಲೆ ಗಾತ್ರದ ಕುಳಿ.
ಇನ್ನೊಂದು. ಬಹಳ ಹೊತ್ತು ಏನಿಲ್ಲ.
ಮತ್ತೆ ಮೂರು, ಸಾಲಾಗಿ, ಜಂತೆಯ ನೇರಕ್ಕೆ.

ನೀರು ಹೊಕ್ಕ ಕಡೆಯೇ ಬೀಳುವುದಿಲ್ಲ.
ಜಂತೆ ಹಿಡಿದು ನಡೆದು
ಗಂಟು ಸಿಕ್ಕಲ್ಲಿ ನಿಂತು ಕೈಬಿಡುತ್ತದೆ.
ಕಡಿದ ಎಳೆ ಹುಡುಕಿ ಹುಡುಕಿ ಕಣ್ಣು ಸವೆಸಿದವಳಿಗೆ ಗೊತ್ತು:
ತಪ್ಪು ಕಾಣುವುದು ಸೆರಗಿನಲ್ಲಿ,
ತುಂಡಾದದ್ದು ಎಷ್ಟೋ ಹಿಂದೆ, ಹಣಿಗೆಯ ಆಚೆ.
ಕಣ್ಣಲ್ಲೇ ಆ ಎಳೆ ಹಿಡಿದು ಹಿಂದಕ್ಕೆ ಹೋದೆ.
ಜಂತೆ, ತೊಲೆ, ಮೂಲೆ.

ಮಳೆ ನಿಂತ ಮೇಲೆ ಏಣಿ ಹತ್ತಿದೆ.
ಕರಲುಮಣ್ಣು ಸೋಪಿನ ಹಾಗೆ ಜಾರುತ್ತಿತ್ತು.
ಗೇಣುದ್ದ ಹುಲ್ಲು. ಗಾಳಿ ಹೋದ ಚೆಂಡು.
ಯಾರೋ ಕದ್ದರೆಂದು ರತ್ನಕ್ಕ ಓಣಿಗೆಲ್ಲ ಬೈದು ತಿರುಗಿದ
ಸ್ಟೀಲಿನ ಚಮಚ, ಕಾಗೆಯ ಕೆಲಸ.
ಬಿಲ ಇಲ್ಲ, ಬಿರುಕಿಲ್ಲ.
ಕುಂಬಿಯ ಮೂಲೆಯಲ್ಲಿ ಡಿಶ್ಶಿನ ಛತ್ರಿ,
ಅದರ ಕಾಲಿಗೆ ಬೋಲ್ಟು,
ಬೋಲ್ಟಿನ ಸುತ್ತ ಕಿರುಬೆರಳು ಹೋಗುವಷ್ಟು ತೂತು,
ಒಳಗೆ ಇನ್ನೂ ಗುಳುಗುಳು.

ಕಳೆದ ಯುಗಾದಿಗೆ
ಎಲ್ಲರೂ ಬೇಡವೆಂದರೂ ಹಟ ಹಿಡಿದು ಹಾಕಿಸಿದವಳು ನಾನು.
‘ಇಲ್ಲಿ ಹೊಡೀಲಾ ಅಕ್ಕ?’ ಎಂದು ಕೇಳಿದ್ದ ಹುಡುಗ.
‘ಅಲ್ಲೇ ಹೊಡಿ’ ಎಂದವಳೂ ನಾನೇ.

ಬೋಲ್ಟು ತಿರುಚಿ ಕಿತ್ತೆ.
ಮಡಿಲಲ್ಲಿದ್ದ ರೇಷ್ಮೆ ಚಿಂದಿಯ ಉಂಡೆ ತುರುಕಿ
ಮೇಲೆ ಹಿಡಿ ಮಣ್ಣು ಮೆತ್ತಿ
ಹಿಮ್ಮಡಿಯಿಂದ ತುಳಿದೆ, ಮೂರು ಸಲ.
ಛತ್ರಿ ಒಂದು ಕಾಲು ಮಡಚಿ
ಬೇರೆ ಆಕಾಶದ ಕಡೆ ತಿರುಗಿ ನಿಂತಿತು.
‘ಸಿಕ್ತಾ?’ ಎಂದರು ಇವರು, ಏಣಿ ಹಿಡಿದುಕೊಂಡೇ.
‘ಮಣ್ಣು ಸವೆದಿದೆ’ ಎಂದೆ.

ರಾತ್ರಿ ಮತ್ತೆ ಬಂತು, ನಿನ್ನೆಗಿಂತ ಜೋರು.
ಬೆಳಿಗ್ಗೆ ಬೂದಿಯ ಮೇಲೆ
ಬೆಕ್ಕಿನ ನಾಕು ಹೆಜ್ಜೆ ಬಿಟ್ಟರೆ ಏನಿಲ್ಲ.
ಎರಡು ಗಾಡಿಯೋ ಮೂರೋ ಎಂದು
ಇವರು ಇನ್ನೂ ಲೆಕ್ಕ ಹಾಕುತ್ತಲೇ ಇದ್ದರು.
ನಾನು ಗುಂಡಿಗಿಳಿದು ಲಾಳಿ ಹಿಡಿದೆ.
ಅತ್ತೆ ಬೂದಿ ಗುಡಿಸುತ್ತ, ಗುಡಿಸುತ್ತ
ಕಪ್ಪಗೆ ಕೂತ ಟೀವಿಯ ಮುಂದೆ ಒಂದು ಗಳಿಗೆ ನಿಂತು,
ನನ್ನ ಕಡೆ ನೋಡದೆ,
‘ನಿನ್ನೆಯಿಂದ ಧಾರಾವಾಹಿ ಬರ್ತಿಲ್ಲ ಕಣೆ,’ ಅಂದಳು.
‘ಸೋರೋದೂ ನಿಂತೈತೆ.’